ಪದಚರ್ಚೆ: ಜೀಪು ನೀರು ಕುಡಿದರೆ ಅದನ್ನು ‘ಸೋರಿಕೆ’ ಅನ್ನಬಹುದಾ?

ಗೆಳೆಯರೇ,

ತೀರ್ಥಹಳ್ಳಿ ಕಡೆ ಹಳೇ ಡೀಸೆಲ್ ಜೀಪು ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ತೋಟಕ್ಕೆ ಗೊಬ್ಬರ ಹೊಡೆಯಲು, ಮಳೆಗಾಲದ ಕೆಸರು ದಾಟಲು ಅದೇ ಆಗಬೇಕು. ಅವರಿಗಾಗಿ ಎಂಟು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೂರನೇ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಹೆಡ್ ಗ್ಯಾಸ್ಕೆಟ್ ಲೀಕ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಬರೆಯುವುದು? (ಇಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ ಹೆಡ್, ಕೆಳಗೆ ಸಿಲಿಂಡರ್ ಇರುವ ಭಾಗ ಬ್ಲಾಕ್. ಎರಡರ ಸಂದಿಗೆ ಹಾಕುವ ಹಾಳೆಯೇ ಹೆಡ್ ಗ್ಯಾಸ್ಕೆಟ್.)

ಗ್ಯಾಸ್ಕೆಟ್ ಎಂಬ ಪದದ ಬಗ್ಗೆ ನನ್ನ ತಕರಾರಿಲ್ಲ. ಅದು ಹಾಗೇ ಇರಲಿ. ಹಳಬರು ಪ್ಯಾಕಿಂಗ್ ಅಂತಾರೆ, ಅದೂ ನಡೆಯುತ್ತೆ. ಕೂತು ಹೊಸದೊಂದು ಪದ ಹೊಸೆದು ಕೊಟ್ಟರೆ, ಅದನ್ನು ಹಿಡಿದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದವನು ಬರಿಗೈಲಿ ಬರಬೇಕಾಗುತ್ತೆ. ತೊಡಕಿರುವುದು ಲೀಕ್ ಅನ್ನುವುದರಲ್ಲಿ.

ಮೊದಲು ನಾನೂ ಸುಮ್ನೆ ‘ಗ್ಯಾಸ್ಕೆಟ್ ಸೋರಿಕೆ’ ಅಂತ ಬರೆದಿದ್ದೆ. ಆದರೆ ಸೋರುವುದು ಅಂದರೆ ನಮಗೆ ಹೆಂಚಿನ ಮಾಡು ಸೋರಿದ ಹಾಗೆ, ಕೊಡ ಸೋರಿದ ಹಾಗೆ. ನೀರು ಕಣ್ಣಿಗೆ ಕಾಣಬೇಕು, ಕೆಳಗೊಂದು ಪಾತ್ರೆ ಇಡುವ ಹಾಗಿರಬೇಕು, ಅಲ್ವಾ?

ನನ್ನ ಜೀಪಿನಲ್ಲಿ ಆದದ್ದು ಹಾಗಲ್ಲ. ಕಳೆದ ಬೇಸಿಗೆಯಲ್ಲಿ ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. 14 ಹೇರ್‌ಪಿನ್ ತಿರುವು. ಲೋ ಗೇರಿನಲ್ಲಿ ಇಂಜಿನ್ ಅರಚುತ್ತೆ, ಗಾಡಿ ಮಾತ್ರ ನಡೆದ ಹಾಗೆ ಹೋಗುತ್ತೆ. ಇಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಫ್ಯಾನಿನ ಗಾಳಿಯೇ ಗತಿ. ಏಳನೆಯದೋ ಎಂಟನೆಯದೋ ತಿರುವಿಗೆ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ, ಮುಕ್ಕಾಲು ಗಂಟೆ ಬಿಟ್ಟು, ಬಟ್ಟೆ ಹಿಡಿದು ರೇಡಿಯೇಟರಿನ ಕ್ಯಾಪ್ ತೆಗೆದರೆ ಅರ್ಧ ನೀರೂ ಇಲ್ಲ. ಬಗ್ಗಿ ನೋಡಿದೆ. ಕೆಳಗೆ ಟಾರು ಒಣ ಒಣ. ಹೋಸ್ ಪೈಪು ಒಣ. ವಾಟರ್ ಪಂಪಿನ ಸುತ್ತಲೂ ಒಂದು ಹನಿ ಇಲ್ಲ.

ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಹೇಳಿಬಿಟ್ಟರು: “ನೀರು ಕುಡೀತಿದೆ ಮಾರಾಯ್ರೆ, ಹೆಡ್ ಇಳಿಸ್ಬೇಕು.”

ಎಷ್ಟು ಸರಿಯಾದ ಮಾತು ನೋಡಿ. ನೀರು ಸಿಲಿಂಡರಿಗೆ ಇಳಿದು, ಉರಿಗೆ ಸಿಕ್ಕಿ ಹಬೆಯಾಗಿ, ಸೈಲೆನ್ಸರಿನಿಂದ ಹೋಗುತ್ತಿತ್ತು. ಕುಡಿದದ್ದು ಹೊರಗೆ ಕಾಣುವುದಿಲ್ಲ. (ಗ್ಯಾರೇಜಿನಲ್ಲಿ ಇದಕ್ಕೆ ‘ಬಿಳಿ ಹೊಗೆ’ ಅಂತಾರೆ. ನಿಜಕ್ಕೂ ಅದು ಹೊಗೆಯಲ್ಲ, ಹಬೆ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಯಾವ ಗಾಡಿ ಸ್ಟಾರ್ಟ್ ಮಾಡಿದರೂ ಸ್ವಲ್ಪ ಹೊತ್ತು ಬರುತ್ತೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಆಗ ಅನುಮಾನ ಪಡಬೇಕು.)

ಆಮೇಲೆ ಅವರ ಮಾತಿಗೆ ಕಿವಿ ಕೊಟ್ಟು ಕೂತೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂತ ಈ ತೆಳು ಹಾಳೆ ಮೂರನ್ನು ಬೇರೆ ಬೇರೆ ಇಡಬೇಕು: ಉರಿಯುವ ಗ್ಯಾಸು, ನೀರು, ಆಯಿಲ್. ಅದು ಎಲ್ಲಿ ಕೈಕೊಟ್ಟಿತು ಅನ್ನುವುದರ ಮೇಲೆ ಅವರ ಕ್ರಿಯಾಪದವೇ ಬದಲಾಗುತ್ತೆ. ಸಿಲಿಂಡರಿಗೆ ನೀರು ಹೋದರೆ ‘ಕುಡಿಯುತ್ತೆ’. ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗಿ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದು, ನೀರು ಹೊರಗೆ ಚಿಮ್ಮಿದರೆ ‘ಉಗುಳುತ್ತೆ’. ನೀರು ಆಯಿಲಿಗೆ ಸೇರಿದರೆ ‘ಇಳಿದಿದೆ’. ಆಗ ಆಯಿಲ್ ನೋಡುವ ಕಡ್ಡಿ ಎಳೆದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಲೋಳೆ ಅಂಟಿಕೊಂಡು ಬರುತ್ತೆ. ಹೆಡ್ಡಿನ ಅಂಚಿನಿಂದ ಹೊರಗೆ ಬಂದು ತುಕ್ಕಿನ ಗೆರೆ ಬಿಟ್ಟರೆ ಮಾತ್ರ ‘ಜಿನುಗ್ತಿದೆ’. ‘ಸೋರ್ತಿದೆ’ ಅನ್ನುವುದನ್ನು ಅವರು ಹೋಸ್ ಪೈಪಿಗೂ ರೇಡಿಯೇಟರಿಗೂ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನವರಿಗೆ ಇಷ್ಟಕ್ಕೂ ಲೀಕ್ ಒಂದೇ ಸಾಕು. ನಾವು ಎಲ್ಲದಕ್ಕೂ ‘ಸೋರಿಕೆ’ ಅಂತ ಬರೆದರೆ ಇದ್ದದ್ದನ್ನೂ ಕಳೆದುಕೊಂಡ ಹಾಗೆ.

ಇನ್ನೊಂದು ಪದ ಇದಕ್ಕಿಂತ ಕಷ್ಟ ಕೊಡುತ್ತಿದೆ. ಓವರ್‌ಹೀಟ್. ‘ಇಂಜಿನ್ ಕಾದಿದೆ’ ಅಂದರೆ ಸಾಲದು. 80-90 ಡಿಗ್ರಿಗೆ ಕಾಯುವುದೇ ಅದರ ಕೆಲಸ. (ಇಂಜಿನ್ ಕಾಯುತ್ತೆ, ರಸ್ತೆ ಪಕ್ಕ ನಾವೂ ಕಾಯುತ್ತೇವೆ, ಅದು ಬೇರೆ ಮಾತು.) ‘ಕುದಿಯುತ್ತಿದೆ’ ಅಂತ ಬರೆಯಲು ಭಯ. ಕ್ಯಾಪ್ ಬಿಗಿಯಾಗಿದ್ದಾಗ ಒಳಗೆ ಒತ್ತಡ ಇರುತ್ತೆ, 100 ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಇಳಿದು, ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತೆ. ‘ಕುದಿಯುವ ಸದ್ದಿಲ್ಲ, ತೆಗೆಯಬಹುದು’ ಅಂತ ಓದಿದವನು ಅಂದುಕೊಂಡರೆ ಕೈ ಸುಟ್ಟುಕೊಳ್ಳುತ್ತಾನೆ. ‘ಅತಿ ತಾಪ’ ಅಂತೂ ಜ್ವರದ ಔಷಧಿಯ ಚೀಟಿ ಓದಿದ ಹಾಗಿದೆ.

ಕೊನೆಗೆ ‘ಹೀಟಾಗಿದೆ’ ಅಂತಲೇ ಬರೆದಿದ್ದೇನೆ. ನಮ್ಮ ಬಾಯಲ್ಲಿ ‘ಬಿಸಿ’ ಒಳ್ಳೆಯದು, ‘ಹೀಟು’ ಕೆಟ್ಟದ್ದು. ಕಾಫಿ ಬಿಸಿ ಇರಬೇಕು, ಹಲಸಿನಹಣ್ಣು ಜಾಸ್ತಿ ತಿಂದರೆ ಹೀಟಾಗುತ್ತೆ. ಇಂಗ್ಲಿಷಿನಲ್ಲಿ ಇಲ್ಲದ ಭೇದ ಇದು, ಹಾಗಾಗಿ ಪದ ಈಗ ನಮ್ಮದೇ ಅನ್ನುವುದು ನನ್ನ ವಾದ. ಒಪ್ಪದವರು ಜಗಳಕ್ಕೆ ಬನ್ನಿ.

ಅಂದಹಾಗೆ, ನನ್ನ ಜೀಪಿನ ಹೆಡ್ ಸೊಟ್ಟಗಾಗಿತ್ತು. ಲೇತಿಗೆ ಕಳಿಸಿ ಫೇಸಿಂಗ್ (ಅಂದರೆ ಮೈ ಸಮತಟ್ಟು) ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಬರೀ ಹಳ್ಳದ ನೀರು ತುಂಬಿಸಿದರೆ ಒಳಗೆಲ್ಲ ತುಕ್ಕು ಹಿಡಿಯುತ್ತೆ ಅಂತ ಬೈಸಿಕೊಂಡು, ಈಗ ಕೂಲೆಂಟ್ ಹಾಕುತ್ತಿದ್ದೇನೆ.

ನನಗೆ ಬೇಕಾದದ್ದು ಎರಡು. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಗ್ಯಾರೇಜುಗಳಲ್ಲೂ ‘ಕುಡಿಯುತ್ತೆ’, ‘ಉಗುಳುತ್ತೆ’ ಅಂತಾರಾ, ಬೇರೆ ಮಾತಿದೆಯಾ? ಮತ್ತೆ, ಆ ಪುಟಕ್ಕೊಂದು ತಲೆಬರಹ ಬೇಕು. ‘ಒಳಸೋರಿಕೆ’ ಅಂತ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ‘ಜೀಪು ನೀರು ಕುಡಿದರೆ’ ಅಂತಲೇ ಹಾಕಿಬಿಡಲಾ? ಅಚ್ಚಿಗೆ ಕೊಡಲು ಇನ್ನು ಹತ್ತು ದಿನ ಇದೆ.