ಪದಚರ್ಚೆ: ಅಣುಕಸದ ‘ವಿಲೇವಾರಿ’ಯೋ, ‘ಭಂಡಾರ’ವೋ?

ಗೆಳೆಯರೇ,

ಫಿನ್ಲೆಂಡಿನ ಒಂಕಲೊ, ಅಂದರೆ ಬಳಸಿ ಮುಗಿದ ಅಣು ಇಂಧನವನ್ನು ಬಂಡೆಯೊಳಗೆ ಹೂಳುವ ಜಾಗದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪದ ಸಿಗದೆ ಮೂರು ದಿನದಿಂದ ಒಂದೇ ಪುಟದಲ್ಲಿ ಕೂತಿದ್ದೇನೆ.

ವಿಷಯ ಇಷ್ಟು. ಒಲ್ಕಿಲುವೊಟೊ ಎಂಬ ದ್ವೀಪದಲ್ಲಿ ಅಣು ವಿದ್ಯುತ್ ಸ್ಥಾವರ ಇದೆ. ಅದರ ಹತ್ತಿರವೇ 2004ರಲ್ಲಿ ಬಂಡೆ ಕೊರೆಯಲು ಶುರುಮಾಡಿದರು. ಬಳಸಿ ಮುಗಿದ ಇಂಧನ ಎರಕದ ಕಬ್ಬಿಣದ ಗೂಡಿನೊಳಗೆ, ಆ ಗೂಡು ತಾಮ್ರದ ಡಬ್ಬಿಯೊಳಗೆ. ಸುತ್ತ ಬೆಂಟೊನೈಟ್ ಜೇಡಿಮಣ್ಣು. ಇದು ನೀರು ತಾಗಿದರೆ ಉಬ್ಬಿ ಸಂದು ಮುಚ್ಚುತ್ತದೆ. ಜಾಗ 400 ಮೀಟರಿಗೂ ಆಳ. ತುಂಬಿದ ಮೇಲೆ ಸುರಂಗವನ್ನೂ ಮುಚ್ಚುತ್ತಾರೆ. ಮತ್ತೆ ತೆಗೆಯುವ ಯೋಚನೆ ಇಲ್ಲ.

ನನಗೆ ತೊಡಕಾಗಿರುವುದು ಈ ಕೊನೆಯ ಮಾತೇ. ಸ್ಥಾವರದ ನೀರಿನ ಕೊಳದಲ್ಲಿ ಇಂಧನ ಇಡುವುದು ಬೇರೆ, ಬಂಡೆಯಲ್ಲಿ ಇಡುವುದು ಬೇರೆ. ಮೊದಲನೆಯದಕ್ಕೆ ‘ಸಂಗ್ರಹ’ ಸರಿ. ಎರಡನೆಯದಕ್ಕೆ?

‘ವಿಲೇವಾರಿ’ ಎಲ್ಲರಿಗೂ ಗೊತ್ತು. ಆದರೆ ಕಡತ ವಿಲೇವಾರಿ ಆಯಿತು ಅಂದರೆ ನಮ್ಮ ಮೇಜಿನಿಂದ ಎದ್ದು ಹೋಯಿತು ಅಂತ ಅರ್ಥ. ಕಸ ವಿಲೇವಾರಿ ಅಂದರೆ ಲಾರಿ ಹತ್ತಿ ಬೇರೆಯವರ ಊರಿಗೆ ಹೋಯಿತು ಅಂತ. ‘ಭಂಡಾರ’ ಇನ್ನೂ ಕಷ್ಟ. ಹತ್ತು ಸಾವಿರ ವರ್ಷ ಆದಮೇಲೆ ಯಾರಾದರೂ ಕನ್ನಡ ಓದಿದರೆ, ಗುದ್ದಲಿ ತಂದೇಬಿಡುತ್ತಾರೆ! ‘ನಿಕ್ಷೇಪ’ವೂ ಅಷ್ಟೆ. ಹಳೆಯ ದಾನಶಾಸನಗಳಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದು ಹಕ್ಕು ಬರೆದುಕೊಟ್ಟಿದ್ದು, ನೆಲದೊಳಗೆ ಸಿಕ್ಕಿದ್ದೆಲ್ಲ ನಿನ್ನದು ಅಂತ. ಕಾಳು ತುಂಬಿಡುವ ‘ಹಗೇವು’ ನನಗೆ ತುಂಬ ಹಿಡಿಸಿತ್ತು. ನೆಲದೊಳಗೆ, ಬಾಯಿ ಮುಚ್ಚಿ, ನೀರು ತಾಗದ ಹಾಗೆ. ಆದರೆ ಜೋಳ ಬೇಕಾದಾಗ ಹಗೇವು ತೆಗೆಯಲೇಬೇಕಲ್ಲ. ‘ಗೋರಿ’ ಅಂದರೆ ಅಗೆಯುವುದಿಲ್ಲ, ಸರಿ. ಹೂ ಹಾಕಲು ಬರುತ್ತಾರೆ.

ಹೆಸರುಪದ ಬಿಟ್ಟು ಕ್ರಿಯಾಪದ ಹಿಡಿದರೆ ದಾರಿ ಕಾಣುತ್ತದೆ ಅನ್ನಿಸಿತು. ಕನ್ನಡದಲ್ಲಿ ‘ಇಟ್ಟುಕೊಳ್ಳು’ ಮತ್ತು ‘ಇಟ್ಟುಬಿಡು’ ಬೇರೆಬೇರೆ. ಇಟ್ಟುಕೊಂಡದ್ದು ನಮ್ಮ ಕೈಯಲ್ಲೇ ಇರುತ್ತದೆ, ಕಾಯಬೇಕು. ಇಟ್ಟುಬಿಟ್ಟದ್ದನ್ನು ಬಿಟ್ಟು ಬರುತ್ತೇವೆ. ಹಾಗಾದರೆ ಕೊಳದಲ್ಲಿ ಇಟ್ಟುಕೊಳ್ಳುವುದು, ಬಂಡೆಯಲ್ಲಿ ಹೂತುಬಿಡುವುದು. ನಾಮಪದ ಬೇಕೇ ಬೇಕು ಅಂದರೆ ‘ಕಾಯಂ ಹೂಳಿಕೆ’?

ಇದು ಸುಮ್ನೆ ಪದದ ಚಪಲ ಅಲ್ಲ. ಎಂಬತ್ತರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೋಲಾರದ ಚಿನ್ನದ ಗಣಿಯೊಳಗೆ ಬಿಸಿ ಅಣುಕಸದ ಬದಲು ಹೀಟರ್ ಇಟ್ಟು, ಬಂಡೆ ಶಾಖವನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡಿದ್ದರು. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ತ್ಯಾಜ್ಯ ಕೆಜಿಎಫ್‌ಗೆ ಬರುತ್ತದೆ ಎಂದು ಸುದ್ದಿಯಾಗಿ ಊರಿನವರು ಬೀದಿಗಿಳಿದರು. ಇಟ್ಟುಕೊಳ್ತಾರಾ, ಇಟ್ಟುಬಿಡ್ತಾರಾ? ಅಂಥ ಹೊತ್ತಲ್ಲಿ ಜನ ಕೇಳಬೇಕಾದ ಪ್ರಶ್ನೆ ಇದೇ ಅಲ್ವಾ? ಅಂದಹಾಗೆ, ಫಿನ್ಲೆಂಡಿನವರಿಗೆ, ಬಳಸಿ ಮುಗಿದ ಇಂಧನವೇ ತ್ಯಾಜ್ಯ. ನಮ್ಮಲ್ಲಿ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ತೆಗೆಯುತ್ತಾರೆ. ಉಳಿದದ್ದನ್ನು ಗಾಜಿನಲ್ಲಿ ಬೆಸೆಯುತ್ತಾರೆ. ಹಾಗಾಗಿ ‘ತ್ಯಾಜ್ಯ’ ಎಂದರೂ ಎರಡು ಕಡೆ ಅರ್ಥ ಒಂದೇ ಅಲ್ಲ.

ಎರಡನೇ ಪದ ‘ಸೇಫ್ಟಿ ಕೇಸ್’. ‘ಸುರಕ್ಷತಾ ಪ್ರಕರಣ’ ಎಂದು ಬರೆದು ನೋಡಿದೆ, ಪೊಲೀಸ್ ಠಾಣೆಯ ವಾಸನೆ ಬಂತು. ನಿಜಕ್ಕೂ ಅದು, ಹೂಳುವ ಜಾಗ ಸುರಕ್ಷಿತ ಎಂದು ಪುರಾವೆ ಇಟ್ಟುಕೊಂಡು ಮಾಡುವ ವಾದ. ತಾಮ್ರ ಸವೆದರೆ? ಮುಂದಿನ ಹಿಮಯುಗದಲ್ಲಿ ಮೇಲೆ ಮಂಜುಗಡ್ಡೆ ಕೂತರೆ? ಒಂದು ಡಬ್ಬಿ ಸೋರಿದರೆ ಮೇಲಿನವರಿಗೆ ಎಷ್ಟು ವಿಕಿರಣ ತಾಗೀತು? ಒಂದೊಂದಕ್ಕೂ ಲೆಕ್ಕ ಕೊಡಬೇಕು. ‘ಸುರಕ್ಷತೆಯ ಸಾಧಾರ ವಾದ’ ಅನ್ನಬಹುದೇ, ತೀರಾ ಉದ್ದವೇ?

‘ದೀರ್ಘಾವಧಿ’ಯೂ ಕೈಕೊಡುತ್ತಿದೆ. ಅದು ಬ್ಯಾಂಕ್ ಠೇವಣಿಯ ಮಾತು, ಐದೋ ಹತ್ತೋ ವರ್ಷ. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧ ಆಗಲಿಕ್ಕೇ 24,100 ವರ್ಷ ಬೇಕು. ಸದ್ಯ ‘ಲಕ್ಷ ವರ್ಷದ ಸುರಕ್ಷತೆ’ ಎಂದೇ ಬರೆದಿದ್ದೇನೆ.

ಒಂಕಲೊ ಅಂದರೆ ಫಿನ್ನಿಶ್ ಭಾಷೆಯಲ್ಲಿ ಬರೀ ಪೊಟರೆ, ಗವಿ. ಅವರಿಗೆ ಅಷ್ಟು ಸಾಕಾಯಿತು. ನಿಮ್ಮ ಕಡೆ, ಮತ್ತೆ ಅಗೆಯಲೇಬಾರದು ಎಂದು ಹೂತದ್ದಕ್ಕೆ ಬೇರೆ ಮಾತು ಇದ್ದರೆ ತಿಳಿಸಿ.