ಪದಚರ್ಚೆ: ಆರೋಗ್ಯದ ‘ಅಸಮಾನತೆ’ಯೋ, ‘ಪಂಕ್ತಿಭೇದ’ವೋ?

ಗೆಳೆಯರೇ, ನಮಸ್ಕಾರ.

ಯುರೋಪಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರ ಆರೋಗ್ಯದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೆಲ್ತ್ ಇನ್‌ಈಕ್ವಾಲಿಟಿ’ ಬಂದಲ್ಲೆಲ್ಲ ಕೈ ನಿಲ್ಲುತ್ತಿದೆ.

ಪತ್ರಿಕೆಗಳಲ್ಲಿ ‘ಅಸಮಾನತೆ’ ಅಂತಲೇ ಬರೆಯುತ್ತಾರೆ. ಆದರೆ ಬಳಕೆ ನೋಡಿ. ಅಸಮಾನತೆ ‘ಇದೆ’ ಅಂತೀವಿ, ತಾರತಮ್ಯ ‘ಮಾಡಿದರು’ ಅಂತೀವಿ. ಮೊದಲನೆಯದರಲ್ಲಿ ಮಾಡಿದವರೇ ಕಾಣುವುದಿಲ್ಲ. ಎರಡನೆಯದು ಯಾರೋ ಒಬ್ಬರ ಕಡೆಗೆ ಬೆರಳು ತೋರಿಸುತ್ತದೆ. ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆಯ 2021ರ ಸಮೀಕ್ಷೆಯ ಪ್ರಕಾರ, ರೋಮಾ ಹೆಂಗಸರು ಉಳಿದವರಿಗಿಂತ ಸುಮಾರು 11 ವರ್ಷ, ಗಂಡಸರು ಸುಮಾರು 9 ವರ್ಷ ಕಡಿಮೆ ಬದುಕುತ್ತಾರೆ. ಐವರಲ್ಲಿ ಒಬ್ಬರಿಗೆ ಮನೆಯೊಳಗೆ ನಲ್ಲಿ ನೀರಿಲ್ಲ. ಕೇರಿಗೆ ಪೈಪ್ ಎಳೆಯದೆ ಬಿಟ್ಟದ್ದು ಯಾರೋ ಒಬ್ಬ ಡಾಕ್ಟರ ತಾರತಮ್ಯವಲ್ಲ. ಹಾಗಂತ ಸುಮ್ನೆ ‘ಇದೆ’ ಅಂದುಬಿಡುವಂಥದ್ದೂ ಅಲ್ಲ, ಅಲ್ವಾ?

ನನಗೆ ಹೊಳೆದದ್ದು ‘ಪಂಕ್ತಿಭೇದ’. ಊಟ ಒಂದೇ, ಸಾಲು ಒಂದೇ, ತುಪ್ಪ ಮಾತ್ರ ಕೆಲವರ ಎಲೆಗೆ. ಬಡಿಸಿದವರೂ ಇದ್ದಾರೆ, ಸಾಲು ಹಾಕಿದ ಪದ್ಧತಿಯೂ ಇದೆ. ಎರಡೂ ಒಂದೇ ಮಾತಿನಲ್ಲಿ ಸಿಗುತ್ತವೆ.

ಲೇಖನದಲ್ಲಿ ಸ್ಲೊವಾಕಿಯಾದ ಪ್ರೆಶೊವ್ ಊರಿನ ಒಂದು ಪ್ರಕರಣವಿದೆ. 2000ದಲ್ಲಿ ಹೆರಿಗೆ ನೋವಿನಲ್ಲಿದ್ದ ರೋಮಾ ಹೆಣ್ಣುಮಗಳೊಬ್ಬಳಿಂದ ಆಸ್ಪತ್ರೆಯವರು ಸಹಿ ಹಾಕಿಸಿಕೊಂಡು, ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಟ್ಟರು. ಅವಳ ಕಡತದಲ್ಲಿ ‘ರೋಗಿ ರೋಮಾ ಮೂಲದವಳು’ ಎಂದು ಬರೆದಿತ್ತು. ರೋಮಾ ಹೆಂಗಸರನ್ನೇ ಬೇರೆ ಕೋಣೆಯಲ್ಲಿ ಹಾಕಿದ್ದರು ಎಂದೂ ಅವಳು ದೂರಿದಳು. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವಳ ಪರ ತೀರ್ಪು ಕೊಟ್ಟಿತು. ಅದನ್ನು ಓದಿದ ಮೇಲೆ ‘ಅಸಮಾನತೆ’ ಅಂತ ಬರೆಯಲು ನನಗೆ ಮನಸ್ಸೇ ಬರುತ್ತಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ‘ರೋಮ’ ಎಂದು ಗಿಡ್ಡ ಮಾಡಿದರೆ ನಮಗೆ ಮೈಮೇಲಿನ ಕೂದಲು ನೆನಪಾಗುತ್ತದೆ. ಹಾಗಾಗಿ ‘ರೋಮಾ’ ಎಂದೇ ಇಟ್ಟಿದ್ದೇನೆ. ‘ಜಿಪ್ಸಿ’ ಬೇಡ, ಅವರು ಈಜಿಪ್ಟಿನವರು ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದು. ‘ಅಲೆಮಾರಿ’ಯೂ ಬೇಡ. ಅವರ ಪೂರ್ವಿಕರು ನಮ್ಮ ಉತ್ತರ ಭಾರತದ ಕಡೆಯಿಂದ ಹೋದವರು ನಿಜ. ಆದರೆ ಇವತ್ತು ಅವರಲ್ಲಿ ಹೆಚ್ಚಿನವರು ಒಂದೇ ಕಡೆ ನೆಲೆ ನಿಂತವರು.

ಇನ್ನು ನನ್ನ ಪ್ರಶ್ನೆಗಳು. ‘ಆರೋಗ್ಯದಲ್ಲಿ ಪಂಕ್ತಿಭೇದ’ ಅಂದರೆ ಓದುಗರಿಗೆ ಊಟದ ಸಾಲೇ ಜಾಸ್ತಿ ನೆನಪಾಗಿ ಅರ್ಥ ದಾರಿ ತಪ್ಪುತ್ತದೆಯೇ? ಮತ್ತೊಂದು: ಕೋರ್ಟಿನಲ್ಲಿ ಆ ಹೆಣ್ಣುಮಗಳು ಹೇಳಿದ್ದು, ‘ಸ್ಟೆರಿಲೈಸೇಷನ್’ ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ ಎಂದು. ಆ ಸಾಲಿಗೆ ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಅಂತ ಹಾಕಿದರೆ ನಮ್ಮವರಿಗೆ ಅರ್ಥ ಆಗಿಬಿಡುತ್ತದೆ. ಅವಳಿಗೆ ಅರ್ಥವಾಗದೇ ಹೋದ ಪದ ಕನ್ನಡದಲ್ಲಿ ಯಾವುದಿರಬೇಕು?