ಸಹಾಯ ಬೇಕು: ರೆಸ್ಯೂಮೆಯಲ್ಲಿ ಎರಡು ವರ್ಷದ ಗ್ಯಾಪ್ ಹೇಗೆ ಬರೆಯಲಿ?

ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಮೂರು ವರ್ಷ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್ ಯಂತ್ರದಲ್ಲಿ ಬಿಡಿಭಾಗ ಕಡೆಯುವ ಕೆಲಸ) ಮಾಡಿದ ನಾನು, ತಂದೆಯವರ ಆರೋಗ್ಯ ಕೆಟ್ಟಿದ್ದರಿಂದ ಎರಡು ವರ್ಷ ಊರಿನಲ್ಲಿದ್ದು ಕಬ್ಬಿನ ಹೊಲ ನೋಡಿಕೊಂಡೆ. ಈಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಮೂರು ಪುಟದ ರೆಸ್ಯೂಮೆಯಲ್ಲಿ ಹವ್ಯಾಸ, ಜನ್ಮದಿನಾಂಕ ಎಲ್ಲವೂ ಇದ್ದವು, ಮೈಕ್ರೋಮೀಟರಿನಲ್ಲಿ 0.01 ಮಿ.ಮೀ. ವರೆಗೆ ಅಳೆಯುತ್ತಿದ್ದೆನೆಂಬ ಮಾತೇ ಇರಲಿಲ್ಲ. ಅದನ್ನು ನಾನೇ ಒಂದು ಪುಟಕ್ಕಿಳಿಸಿ, ಅಳತೆಯ ಕೆಲಸವನ್ನು ಮೇಲೆ ಬರೆದು, ಪಿಡಿಎಫ್ ಮಾಡಿ ಎಂಟು ಕಡೆ ಕಳುಹಿಸಿದರೂ ಒಂದೂ ಕರೆ ಬಂದಿಲ್ಲ. ತಿಂಗಳು ಸಹಿತ ಬರೆದರೆ ಗ್ಯಾಪ್ ಎದ್ದು ಕಾಣುತ್ತದೆ, ಬರೀ ವರ್ಷ ಬರೆದರೆ ಏನೋ ಮುಚ್ಚಿಟ್ಟಂತಾಗುತ್ತದೆ. ನೇಮಕಾತಿ ನೋಡಿಕೊಳ್ಳುವವರು ದಯವಿಟ್ಟು ತಿಳಿಸಿ: ಆ ಎರಡು ವರ್ಷವನ್ನು ರೆಸ್ಯೂಮೆಯಲ್ಲೇ ಒಂದು ಸಾಲಿನಲ್ಲಿ ಹೇಳಬೇಕೇ, ಅಥವಾ ಸಂದರ್ಶನದಲ್ಲಿ ಕೇಳಿದಾಗ ಹೇಳಿದರೆ ಸಾಕೇ?